ಡಾ. ಫ್ರೊಯ್ಲಾನೊ ಡಿ ಮೆಲ್ಲೊ: ಒಂದು ಹನಿ ರಕ್ತದಲ್ಲಿ ಲೋಕವನ್ನು ಕಂಡವರು

ಗೋವೆಯ ಸಾಸಷ್ಟಿ ತಾಲ್ಲೂಕಿನ ಬಾಣಾವಲಿಯು ಇಂದು ತನ್ನ ಕಡಲತೀರದಿಂದ ಹೆಸರಾದ ಊರು. ಇಲ್ಲಿಯೇ 1887ರ ಮೇ 17ರಂದು ಇಂದಲೆನ್ಸಿಯೊ ಪಾಸ್ಕಲ್ ಫ್ರೊಯ್ಲಾನೊ ಡಿ ಮೆಲ್ಲೊ ಅವರು ಜನಿಸಿದರು. ಪಣಜಿಯಲ್ಲಿ 1842ರಲ್ಲಿ ಸ್ಥಾಪಿತವಾದ ವೈದ್ಯಕೀಯ ವಿದ್ಯಾಲಯದಲ್ಲಿ ಅಭ್ಯಾಸ ಮಾಡಿ, ಪೋರ್ಚುಗಲ್ಲಿನ ಪೋರ್ಟೊ ನಗರದಲ್ಲಿ ವೈದ್ಯ ಪದವಿಯನ್ನು ಪಡೆದು, ಅವರು ತಾಯ್ನಾಡಿಗೆ ಹಿಂದಿರುಗಿದರು. ತಾವು ಓದಿದ ವಿದ್ಯಾಲಯದಲ್ಲಿಯೇ ಪ್ರಾಧ್ಯಾಪಕರಾಗಿ, ಮುಂದೆ ಅದರ ನಿರ್ದೇಶಕರೂ ಆದರು.

ಅವರು ಹುಟ್ಟಿದ ನಾಡು ಜ್ವರಗಳಿಂದ ಬೆಂದ ನಾಡು. ಒಂದು ಕಾಲಕ್ಕೆ ವೈಭವದಿಂದ ಮೆರೆದ ಹಳೆಯ ಗೋವಾ ನಗರವು ಕಾಲರಾ, ಮಲೇರಿಯಾಗಳ ಹಾವಳಿಗೆ ಸಿಕ್ಕಿ ಪಾಳುಬಿದ್ದುದರಿಂದಲೇ 1843ರಲ್ಲಿ ಪಣಜಿಯು ರಾಜಧಾನಿಯಾಯಿತು. ಜ್ವರಕ್ಕೆ ಕೆಟ್ಟ ಗಾಳಿಯೇ ಕಾರಣವೆಂದು ಬಹುಕಾಲ ನಂಬಲಾಗಿತ್ತು. ಆ ನಂಬಿಕೆಯನ್ನು ಮುರಿದದ್ದು ಸೂಕ್ಷ್ಮದರ್ಶಕ. ಮೆಲ್ಲೊ ಅವರು ಹತ್ತು ವರ್ಷದ ಬಾಲಕನಾಗಿದ್ದಾಗ, 1897ರಲ್ಲಿ, ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಅವರು ಸೊಳ್ಳೆಯ ಜಠರದಲ್ಲಿ ಮಲೇರಿಯಾ ಪರೋಪಜೀವಿಯನ್ನು ಕಂಡರು. ಮರುವರ್ಷ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾವನ್ನು ಪರಿಶೀಲಿಸಿ, ರೋಗ ಹರಡುವ ಬಗೆಯನ್ನು ಅವರು ಸಿದ್ಧಪಡಿಸಿದರು.

ಹಕ್ಕಿಯ ರಕ್ತದ ಆ ಹಾದಿಯಲ್ಲಿಯೇ ಮೆಲ್ಲೊ ಅವರೂ ನಡೆದರು. ಆ ಕಾರ್ಯದ ಬಗೆಯನ್ನು ಇಲ್ಲಿ ಅರಿಯುವುದು ಉಚಿತ. ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಕೆಯ ಮೇಲೆ ತೆಳುವಾಗಿ ಹರಡಿ ಒಣಗಿಸಬೇಕು. ಜೀವಕೋಶಗಳು ಬಹುಮಟ್ಟಿಗೆ ಪಾರದರ್ಶಕ. ಬೆಳಕು ಅವುಗಳ ಮೂಲಕ ಹಾದುಹೋದರೂ ಕಣ್ಣಿಗೆ ಹೆಚ್ಚೇನೂ ತೋರುವುದಿಲ್ಲ. ಬಣ್ಣ ಹಚ್ಚಿದಾಗ ಮಾತ್ರ ಕೋಶಕೇಂದ್ರವು ನೇರಳೆಯಾಗಿಯೂ ಪರೋಪಜೀವಿಯ ಒಡಲು ನಸುನೀಲಿಯಾಗಿಯೂ ಎದ್ದು ಕಾಣುತ್ತವೆ. ಬಳಿಕ ಮಸೂರಕ್ಕೂ ಗಾಜಿಗೂ ನಡುವೆ ಒಂದು ತೊಟ್ಟು ಎಣ್ಣೆಯನ್ನಿಟ್ಟು, ಸುಮಾರು 1000 ಪಟ್ಟು ಹಿಗ್ಗಿಸಿ ನೋಡಬೇಕು. ಮನುಷ್ಯನ ಕೆಂಪು ರಕ್ತಕಣದ ಅಗಲ ಒಂದು ಮಿಲಿಮೀಟರಿನ ಸಾವಿರದಲ್ಲಿ ಏಳೆಂಟು ಭಾಗ ಮಾತ್ರ, ಅದರಲ್ಲಿ ಕೋಶಕೇಂದ್ರವಿಲ್ಲ. ಹಕ್ಕಿಯ ರಕ್ತಕಣವಾದರೋ ಅಂಡಾಕಾರದ್ದು, ನಡುವೆ ಕೋಶಕೇಂದ್ರವುಳ್ಳದ್ದು. ಹೀಮೋಪ್ರೋಟಿಯಸ್ ಎಂಬ ಪರೋಪಜೀವಿಯು ಆ ಕೇಂದ್ರವನ್ನು ಬಳಸಿಕೊಂಡು ಬಾಗಿ ಮಲಗಿರುತ್ತದೆ.

ಕೆಂಬೂತದ ರಕ್ತದಲ್ಲಿ ಇಂತಹ ಒಂದು ಪ್ರಭೇದವನ್ನು ಮೆಲ್ಲೊ ಅವರು 1917ರಲ್ಲಿಯೂ, ಸಹೋದ್ಯೋಗಿಯೊಡನೆ ನೀಲಕಂಠ ಪಕ್ಷಿಯಲ್ಲಿ ಇನ್ನೊಂದನ್ನು 1935ರಲ್ಲಿಯೂ ವಿವರಿಸಿದರು. ಗೆದ್ದಲಿನ ಕರುಳಿನೊಳಗೆ ಬಾಳುವ ಏಕಕೋಶ ಜೀವಿಗಳೂ ಅವರ ಅಧ್ಯಯನದ ವಸ್ತುಗಳಾಗಿದ್ದವು. ಹೊಲದಂಚಿನ ಹಕ್ಕಿ, ಬೇಲಿಯ ಬುಡದ ಗೆದ್ದಲು ಇವುಗಳಲ್ಲಿಯೇ ಲೋಕಕ್ಕೆ ಹೊಸದಾದುದನ್ನು ಕಾಣುವ ಕಣ್ಣು ಅವರದಾಗಿತ್ತು. ದೂರದ ಪಣಜಿಯಲ್ಲಿ ಕುಳಿತು ಅವರು ಇಟ್ಟ ಹೆಸರುಗಳು ಇಂದಿಗೂ ವಿಜ್ಞಾನದಲ್ಲಿ ಉಳಿದಿವೆ.

ಆದರೆ ಅವರು ನೋಡಿ ಸುಮ್ಮನಾದವರಲ್ಲ. ಕುಷ್ಠವು ಪೂರ್ವಜನ್ಮದ ಪಾಪವೆಂದು ಸಮಾಜವು ರೋಗಿಯನ್ನು ಹೊರಗಿಟ್ಟಿದ್ದ ಕಾಲವದು. ಸೂಕ್ಷ್ಮದರ್ಶಕವು ಹೇಳಿದ್ದೇ ಬೇರೆ. ಆಮ್ಲದಿಂದ ತೊಳೆದರೂ ಕೆಂಪು ಬಣ್ಣವನ್ನು ಬಿಡದೆ, ನೀಲಿ ಹಿನ್ನೆಲೆಯಲ್ಲಿ ಸಣ್ಣ ಕಡ್ಡಿಗಳಂತೆ ತೋರುವ ಬ್ಯಾಕ್ಟೀರಿಯಾಗಳೇ ಅದರ ಕಾರಣ. ಕಾರಣವು ಪಾಪವಲ್ಲ, ಜೀವಾಣು ಎಂದು ಅರಿತ ಮೇಲೆ ರೋಗಿಯನ್ನು ದೂಡುವುದಕ್ಕೆ ನೆಪವೆಲ್ಲಿ? ಮಕಾಸಾಣ ಗ್ರಾಮದಲ್ಲಿ ಕುಷ್ಠರೋಗಿಗಳ ಆಸ್ಪತ್ರೆಯು ತಲೆಯೆತ್ತಿದ್ದು ಅವರ ಪ್ರಯತ್ನದಿಂದ. 1938ರಿಂದ 1945ರವರೆಗೆ ಅವರು ಪಣಜಿ ನಗರಸಭೆಯ ಅಧ್ಯಕ್ಷರೂ ಆಗಿದ್ದರು.

1945ರಲ್ಲಿ ಅವರು ಸ್ವತಂತ್ರ ಸದಸ್ಯರಾಗಿ ಲಿಸ್ಬನ್ನಿನ ಸಂಸತ್ತನ್ನು ಪ್ರವೇಶಿಸಿದರು. ಅದು ಸಾಲಜಾರ್ ಸರ್ವಾಧಿಕಾರದ ಕಾಲ. ಆಳುವವರ ವಸಾಹತು ನೀತಿಯಲ್ಲಿ ಕಂಡ ದೋಷಗಳನ್ನು ಅಲ್ಲಿಯೂ ಮುಚ್ಚಿಡದೆ ಹೇಳಿದರು. 1950ರ ದಶಕದ ಆರಂಭದಲ್ಲಿ ಗೋವೆಯನ್ನು ತೊರೆದು ಬ್ರೆಜಿಲ್ ದೇಶದಲ್ಲಿ ನೆಲೆಸಿ, 1955ರ ಜನವರಿ 9ರಂದು ಸಾವೊ ಪೌಲೊ ನಗರದಲ್ಲಿ ಕೊನೆಯುಸಿರೆಳೆದರು. ಗೋವೆಯ ವಿಮೋಚನೆಯನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ.

ನೂರು ವರ್ಷಗಳನ್ನು ಪೂರೈಸಿದ ನಮ್ಮ ಶಾಲೆಯ ಮಕ್ಕಳು ಈರುಳ್ಳಿಯ ಸಿಪ್ಪೆಯಲ್ಲಿ ಜೀವಕೋಶಗಳನ್ನು ಮೊದಲ ಬಾರಿಗೆ ಕಂಡು ಬೆರಗಾಗುವ ಕ್ಷಣವನ್ನು ಇಲ್ಲಿಯ ಶಿಕ್ಷಕರು ಬಲ್ಲರು. ಆ ಬೆರಗು ಪರೀಕ್ಷೆಯ ಅಂಕಗಳಲ್ಲಿ ಮುಗಿಯಬಾರದು. ಕಂಡದ್ದನ್ನು ನಂಬುವ ಧೈರ್ಯ, ನಂಬಿದ್ದನ್ನು ನೊಂದವರ ಹಿತಕ್ಕೆ ಬಳಸುವ ಕರುಣೆ, ಇವೆರಡೂ ಕೂಡಿದಾಗಲೇ ವಿದ್ಯೆ ಸಾರ್ಥಕ. ಬಾಣಾವಲಿಯ ಆ ವೈದ್ಯರ ಬಾಳು ನಮಗೆ ತೋರಿಸುವುದು ಇದನ್ನೇ.