ಅಧಿಕಾರವಿಲ್ಲದ ಅರಸನ ಮೂವತ್ತಾರು ವರ್ಷ

ನಮ್ಮೂರು ಪುಣಜನೂರು. ಸತ್ಯಮಂಗಲದ ಹೆದ್ದಾರಿಯಲ್ಲಿ, ಕಾಡು ಶುರುವಾಗುವ ಕಡೆ ಇದೆ. ಕಾಲೇಜು, ಗ್ರಂಥಾಲಯ, ಅರ್ಜಿ ಹಾಕುವ ಕಂಪ್ಯೂಟರ್ ಸೆಂಟರ್ ಯಾವುದು ಬೇಕೆಂದರೂ ಚಾಮರಾಜನಗರಕ್ಕೇ ಹೋಗಬೇಕು. ದಿನಕ್ಕೆ ಹತ್ತು ಸಲ ನಾವು ಹೇಳುವ ಆ ಹೆಸರನ್ನು ಇಟ್ಟವರು ಮುಮ್ಮಡಿ ಕೃಷ್ಣರಾಜ ಒಡೆಯರ್. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮಗೆ ಅವರು ಒಂದು ಅಂಕದ ಪ್ರಶ್ನೆ ಅಷ್ಟೇ. ಬ್ರಿಟಿಷರು ಮೈಸೂರಿನ ಆಡಳಿತವನ್ನು ಕೈಗೆ ತೆಗೆದುಕೊಂಡಿದ್ದು ಯಾವಾಗ? ಉತ್ತರ 1831. ಅಲ್ಲಿಗೆ ಅವರ ಕಥೆ ಮುಗಿಯಿತು ಎಂದುಕೊಂಡು ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಆದರೆ ಆಮೇಲೆಯೂ ಅವರು ಮೂವತ್ತಾರು ವರ್ಷ ಬದುಕಿದ್ದರು. ನನಗೆ ಆಸಕ್ತಿ ಇರುವುದು ಆ ವರ್ಷಗಳಲ್ಲಿ.

ಮುಮ್ಮಡಿಯವರು ಹುಟ್ಟಿದ್ದು 1794ರ ಜುಲೈ 14ರಂದು. ತಂದೆ ಖಾಸಾ ಚಾಮರಾಜ ಒಡೆಯರ್ ನಮ್ಮ ಅರಿಕುಠಾರದವರು, ಹೈದರಾಲಿಯ ಕಾಲದಲ್ಲಿ ಮೈಸೂರಿನ ಗದ್ದುಗೆಗೆ ಬಂದವರು. ಅವರು 1796ರಲ್ಲಿ ತೀರಿಕೊಂಡಾಗ ಮಗನಿಗೆ ಎರಡು ವರ್ಷವೂ ತುಂಬಿರಲಿಲ್ಲ. ಅರಮನೆಯಿಂದ ಹೊರಬಿದ್ದ ಕುಟುಂಬ ಶ್ರೀರಂಗಪಟ್ಟಣದಲ್ಲಿ ಸಾಧಾರಣ ಮನೆಯೊಂದರಲ್ಲಿ ದಿನ ಕಳೆಯಿತು. 1799ರ ಮೇ 4ರಂದು ಟಿಪ್ಪು ಸುಲ್ತಾನ್ ರಣರಂಗದಲ್ಲಿ ಮಡಿದ ಮೇಲೆ ಬ್ರಿಟಿಷರು ಈ ಮಗುವನ್ನು ಹುಡುಕಿಕೊಂಡು ಬಂದರು. ಜೂನ್ 30ರಂದು ಮೈಸೂರಿನ ಒಂದು ಚಪ್ಪರದಡಿ ಐದು ವರ್ಷದ ಬಾಲಕನಿಗೆ ಪಟ್ಟ ಕಟ್ಟಲಾಯಿತು. ಅಜ್ಜಿ ಲಕ್ಷ್ಮಮ್ಮಣ್ಣಿ ರಕ್ಷಣೆಗೆ ನಿಂತರು, ದಿವಾನ್ ಪೂರ್ಣಯ್ಯ ರಾಜ್ಯಭಾರ ನಡೆಸಿದರು.

1811ರಲ್ಲಿ ಅಧಿಕಾರ ದೊರೆಯ ಕೈಗೆ ಬಂತು. 1818ರಲ್ಲಿ ಅವರು ಅರಿಕುಠಾರಕ್ಕೆ ಚಾಮರಾಜನಗರ ಎಂದು ತಂದೆಯ ಹೆಸರಿಟ್ಟರು. 1826ರಲ್ಲಿ ಚಾಮರಾಜೇಶ್ವರ ದೇವಾಲಯ ಕಟ್ಟಿಸಿ, ಅಲ್ಲಿನ ಅಮ್ಮನವರಿಗೆ ತಾಯಿ ಕೆಂಪನಂಜಮ್ಮಣ್ಣಿಯ ಹೆಸರನ್ನು ಇಟ್ಟರು. ತಂದೆ ಹುಟ್ಟಿದ ಜಾಗದಲ್ಲಿ ಜನನ ಮಂಟಪ ನಿಂತಿತು. ಇವತ್ತಿಗೂ ಆಷಾಢದ ತೇರಿಗೆ ಹೊಸದಾಗಿ ಮದುವೆಯಾದ ಜೋಡಿಗಳು ಹಣ್ಣು ಜವನ ಎಸೆಯಲು ಬರುತ್ತಾರಲ್ಲ, ಆ ಗುಡಿ ಅಪ್ಪನ ಮುಖ ನೆನಪಿಲ್ಲದ ಮಗ ಕಟ್ಟಿಸಿದ್ದು.

ಚಾಮರಾಜನಗರಕ್ಕೆ ಬಂದ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾರೆ ಎಂಬ ಮಾತು ನಮ್ಮ ಜಿಲ್ಲೆಯನ್ನು ಬಹಳ ಕಾಲ ಕಾಡಿತು. ಊರಿಗೆ ಹೆಸರಿಟ್ಟ ದೊರೆಯೇ ಅಧಿಕಾರ ಕಳೆದುಕೊಂಡರು ಎಂದು ಯಾರಾದರೂ ಅದಕ್ಕೆ ಇನ್ನೊಂದು ಸಾಕ್ಷಿ ಸೇರಿಸಬಹುದು. ಆದರೆ ಚರಿತ್ರೆ ತೆಗೆದು ನೋಡಿದರೆ ಕಾರಣಗಳು ಊರಿನಲ್ಲಿಲ್ಲ, ಲೆಕ್ಕದ ಪುಸ್ತಕದಲ್ಲಿವೆ. ಸಹಾಯಕ ಸೈನ್ಯ ಪದ್ಧತಿಯಂತೆ ಮೈಸೂರು ಪ್ರತಿವರ್ಷ ಏಳು ಲಕ್ಷ ಪಗೋಡಗಳನ್ನು ಕಂಪನಿಗೆ ಕಟ್ಟಬೇಕಿತ್ತು. ಅರಮನೆಯ ದಾನಧರ್ಮ, ಖರ್ಚುವೆಚ್ಚಕ್ಕೆ ಹಿಡಿತವಿರಲಿಲ್ಲ. ಇಷ್ಟು ಕಂದಾಯ ತಂದೇ ತರುತ್ತೇನೆಂದು ಅಮಲ್ದಾರರಿಂದ ಬರೆಸಿಕೊಳ್ಳುವ ಶರತ್ತು ಪದ್ಧತಿ ರೈತರನ್ನು ಹಿಂಡಿತು. 1830ರಲ್ಲಿ ನಗರ ಸೀಮೆಯ ರೈತರು ತಿರುಗಿಬಿದ್ದರು, ಬೂದಿ ಬಸವಪ್ಪ ನಾಯಕ ಅವರ ಮುಂದಾಳಾದ. ದಂಗೆ ಹತ್ತಿಕ್ಕಲು ಕಂಪನಿಯ ಸೈನ್ಯ ಬಂತು. 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಆಡಳಿತವನ್ನೇ ಕಸಿದುಕೊಂಡ. ಆ ರೈತರ ಸಂಕಟ ನಿಜವಾದದ್ದು. ದೊರೆಯನ್ನು ಮೆಚ್ಚುವ ಭರದಲ್ಲಿ ಅದನ್ನು ಮರೆಮಾಚುವುದು ಸರಿಯಲ್ಲ. ಹಾಗೆಯೇ, ಬೆಂಟಿಂಕ್ ತಾನೇ ನೇಮಿಸಿದ ವಿಚಾರಣಾ ಸಮಿತಿ 1833ರಲ್ಲಿ ಕೊಟ್ಟ ವರದಿಯ ಪ್ರಕಾರ ಪರಿಸ್ಥಿತಿ ಹೇಳಿದಷ್ಟು ಕೆಟ್ಟಿರಲಿಲ್ಲ ಎಂಬುದನ್ನೂ ಮರೆಯಬಾರದು.

ಆಗ ಮುಮ್ಮಡಿಯವರಿಗೆ 37 ವರ್ಷ. ಬದುಕಿನ ಸರಿ ಅರ್ಧ. ಆಡಳಿತದ ಕೇಂದ್ರ ಬೆಂಗಳೂರಿಗೆ ಹೋಯಿತು. 1834ರಿಂದ 1861ರವರೆಗೆ ಕಮಿಷನರ್ ಮಾರ್ಕ್ ಕಬ್ಬನ್ ರಾಜ್ಯ ನಡೆಸಿದ. ದೊರೆಗೆ ಉಳಿದದ್ದು ಅರಮನೆ ಮತ್ತು ಬಿಡುವು.

ಆ ಬಿಡುವಿನಲ್ಲಿ ಏನಾಯಿತು ನೋಡಿ. 1833ರಲ್ಲಿ, ಅಧಿಕಾರ ಹೋಗಿ ಎರಡೇ ವರ್ಷಕ್ಕೆ, ಮೈಸೂರಿನಲ್ಲಿ ಇಂಗ್ಲಿಷ್ ಶಾಲೆಯೊಂದನ್ನು ತೆರೆದರು. ಅದೇ ಬೆಳೆದು ಮಹಾರಾಜ ಕಾಲೇಜಾಯಿತು. ಮಹಾಭಾರತವನ್ನು ಕನ್ನಡ ಗದ್ಯಕ್ಕೆ ತರುವ ‘ಕೃಷ್ಣರಾಜ ವಾಣೀವಿಲಾಸ’ ಅವರ ಆಸ್ಥಾನದಲ್ಲಿ ಸಿದ್ಧವಾಯಿತು. ದೇವತೆಗಳ ಸ್ವರೂಪದಿಂದ ಹಿಡಿದು ಆಟಗಳವರೆಗೆ ಎಲ್ಲವನ್ನೂ ಚಿತ್ರಸಮೇತ ಒಂಬತ್ತು ನಿಧಿಗಳಲ್ಲಿ ಜೋಡಿಸಿದ ‘ಶ್ರೀತತ್ತ್ವನಿಧಿ’ ಅವರ ದೊಡ್ಡ ಕೊಡುಗೆ. ಅದರಲ್ಲಿ 122 ಯೋಗಾಸನಗಳ ಚಿತ್ರಗಳಿವೆ. ಇಂದು ಯೋಗದ ಚರಿತ್ರೆ ಬರೆಯುವ ವಿದೇಶಿ ವಿದ್ವಾಂಸರೂ ಆ ಪುಟಗಳನ್ನು ತಿರುವಿ ಹಾಕುತ್ತಾರೆ. ಚದುರಂಗದ ಕುದುರೆಯನ್ನು ಅರವತ್ನಾಲ್ಕು ಮನೆಗಳಲ್ಲೂ ಒಂದೊಂದೇ ಸಲ ನಡೆಸುವ ಬಂಧಗಳನ್ನು ರಚಿಸಿದರು, ಗಂಜೀಫಾ ಎಲೆಯಾಟಕ್ಕೆ ಹೊಸ ಹೊಸ ಬಗೆಗಳನ್ನು ಸೇರಿಸಿದರು.

ಇದರ ಜೊತೆಗೇ ಅರ್ಜಿ ಬರೆಯುವುದನ್ನು ಅವರು ನಿಲ್ಲಿಸಲಿಲ್ಲ. ರಾಜ್ಯ ಹಿಂತಿರುಗಿಸಿ ಎಂದು ಒಬ್ಬ ಗವರ್ನರ್ ಜನರಲ್ ಹೋಗಿ ಇನ್ನೊಬ್ಬ ಬಂದರೂ ಮನವಿ ಹೋಗುತ್ತಲೇ ಇತ್ತು. 1857ರ ದಂಗೆಯಲ್ಲಿ ಅವರು ಬ್ರಿಟಿಷರ ಪಕ್ಷವನ್ನೇ ಹಿಡಿದರು, ಆದರೂ ರಾಜ್ಯ ಮರಳಲಿಲ್ಲ. ಗಂಡು ಸಂತಾನವಿರಲಿಲ್ಲ. ದತ್ತು ಮಕ್ಕಳಿಗೆ ಹಕ್ಕಿಲ್ಲ ಎಂಬ ನೀತಿಯಿಂದ ಎಷ್ಟೋ ಸಂಸ್ಥಾನಗಳು ಮಾಯವಾದದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಆದರೂ 1865ರ ಜೂನ್‌ನಲ್ಲಿ ಎರಡು ವರ್ಷದ ಚಾಮರಾಜೇಂದ್ರನನ್ನು ದತ್ತು ತೆಗೆದುಕೊಂಡರು. ಅವರ ಪರವಾಗಿ ಅರಮನೆಯ ವೈದ್ಯ ಕ್ಯಾಂಪ್‌ಬೆಲ್ ಇಂಗ್ಲೆಂಡಿನಲ್ಲಿ ಓಡಾಡಿದ. 1867ರಲ್ಲಿ ಲಂಡನ್ ಸರ್ಕಾರ ದತ್ತುವನ್ನು ಒಪ್ಪಿತು. ಮರುವರ್ಷ ಮಾರ್ಚ್ 27ರಂದು ಮುಮ್ಮಡಿಯವರು ಕಣ್ಣು ಮುಚ್ಚಿದರು. ರಾಜ್ಯ ಒಡೆಯರ ಮನೆತನಕ್ಕೆ ಮರಳಿದ್ದು 1881ರ ಮಾರ್ಚ್ 25ರಂದು. ಅದನ್ನು ನೋಡಲು ಅವರಿರಲಿಲ್ಲ.

ದೊರೆಯ ಕಾಯುವಿಕೆಗೂ ನಮ್ಮದಕ್ಕೂ ಹೋಲಿಕೆ ಎಲ್ಲಿಯದು ಎಂದು ಗೆಳೆಯರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅವರಿಗೆ ವರ್ಷಕ್ಕೆ ಒಂದು ಲಕ್ಷ ಪಗೋಡ, ಮೇಲೆ ನಿವ್ವಳ ಆದಾಯದ ಐದನೇ ಒಂದು ಭಾಗ ಸಲ್ಲುತ್ತಿತ್ತು. ನಮಗೆ ಅರ್ಜಿ ಶುಲ್ಕಕ್ಕೂ ಮನೆಯವರ ಮುಂದೆ ಕೈಯೊಡ್ಡಬೇಕು. ಅಧಿಸೂಚನೆ ತಡವಾಗುತ್ತದೆ, ಪರೀಕ್ಷೆ ಮುಂದಕ್ಕೆ ಹೋಗುತ್ತದೆ, ವಯೋಮಿತಿ ಹತ್ತಿರ ಬರುತ್ತದೆ. ಈ ಸಂಕಟಕ್ಕೆ ಯಾವ ರಾಜನ ಕಥೆಯೂ ಪರಿಹಾರವಲ್ಲ, ನೇಮಕಾತಿಯೇ ಪರಿಹಾರ.

ಆದರೆ ಒಂದು ಲೆಕ್ಕ ನನಗೆ ಬಿಡದೆ ಕಾಡುತ್ತದೆ. ಆಳಿದ ಇಪ್ಪತ್ತು ವರ್ಷಗಳಿಂದ ಅವರಿಗೆ ಬಂದದ್ದು ಸಾಲ ಮತ್ತು ದಂಗೆಯ ಹೆಸರು. ಕುರ್ಚಿ ಇಲ್ಲದ ಮೂವತ್ತಾರು ವರ್ಷಗಳಿಂದ ನಮಗೆ ಬಂದದ್ದು ಒಂದು ಕಾಲೇಜು, ಒಂದು ಮಹಾಭಾರತ, ಒಂದು ವಿಶ್ವಕೋಶ. ಕುವೆಂಪು ಓದಿದ್ದು, ಪಾಠ ಹೇಳಿದ್ದು, ಪ್ರಾಂಶುಪಾಲರಾಗಿದ್ದು ಅದೇ ಮಹಾರಾಜ ಕಾಲೇಜಿನಲ್ಲಿ. ಮುಂದಿನ ಸಲ ಪ್ರಶ್ನೆಪತ್ರಿಕೆಯಲ್ಲಿ ಮುಮ್ಮಡಿಯವರ ಹೆಸರು ಕಂಡರೆ 1831 ಎಂದು ಗುರುತು ಹಾಕಿ, ಅಂಕ ತೆಗೆದುಕೊಳ್ಳಿ. ಅದರ ಪಕ್ಕದಲ್ಲೇ 1833 ಎಂಬ ಇಸವಿಯನ್ನೂ ಮನಸ್ಸಿನಲ್ಲಿ ಬರೆದುಕೊಳ್ಳಿ.