ಆನೆಗಳನ್ನು ಉಳಿಸಲು ಪ್ಲಾಸ್ಟಿಕ್ ಹುಟ್ಟಿತೇ? ಜಾನ್ ವೆಸ್ಲಿ ಹಯಾಟ್ ಅವರ ನಿಜ ಕಥೆ

ಆನೆಗಳನ್ನು ಉಳಿಸಲೆಂದೇ ಒಬ್ಬ ಅಮೆರಿಕನ್ ಪ್ಲಾಸ್ಟಿಕ್ ಕಂಡುಹಿಡಿದು 10,000 ಡಾಲರ್ ಬಹುಮಾನ ಗೆದ್ದ ಎಂಬ ಮಾತನ್ನು ನೀವೂ ಎಲ್ಲೋ ಓದಿರಬಹುದು. ಇದರಲ್ಲಿ ಸ್ವಲ್ಪ ನಿಜವಿದೆ, ಜೊತೆಗೆ ಒಗ್ಗರಣೆಯೂ ಇದೆ. ಆ ವ್ಯಕ್ತಿ ಜಾನ್ ವೆಸ್ಲಿ ಹಯಾಟ್. ಪ್ಲಾಸ್ಟಿಕ್ ಕಾರ್ಖಾನೆಗಳಲ್ಲಿ ಯಂತ್ರದ ಆರೈಕೆ ಏಕೆ ಮುಖ್ಯ ಎಂಬುದೂ ಅವರ ಕಥೆಯಿಂದ ತಿಳಿಯುತ್ತದೆ.

1837ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿದ ಹಯಾಟ್ ರಸಾಯನಶಾಸ್ತ್ರ ಓದಿದವರಲ್ಲ, ಮುದ್ರಣದ ಕೆಲಸ ಕಲಿತವರು. ಆಗ ಬಿಲಿಯರ್ಡ್ಸ್ ಚೆಂಡುಗಳನ್ನು ಆನೆದಂತದಿಂದ ಮಾಡುತ್ತಿದ್ದರು. ದಂತ ದುಬಾರಿಯಾದಾಗ ಚೆಂಡು ತಯಾರಿಸುವ ಕಂಪನಿಯೊಂದು ಬದಲಿ ವಸ್ತುವಿಗೆ ಬಹುಮಾನ ಘೋಷಿಸಿತು. ಆ ಹಣ ಹಯಾಟ್ ಕೈಸೇರಿತು ಎನ್ನಲು ಪುರಾವೆ ಇಲ್ಲ. ಮೊದಲ ಪ್ಲಾಸ್ಟಿಕ್ ಕೂಡ ಅವರದಲ್ಲ. ಇಂಗ್ಲೆಂಡಿನ ಅಲೆಕ್ಸಾಂಡರ್ ಪಾರ್ಕ್ಸ್ 1862ರಲ್ಲೇ ಪಾರ್ಕೆಸಿನ್ ಎಂಬ ವಸ್ತುವನ್ನು ಪ್ರದರ್ಶಿಸಿದ್ದರು.

ಹಾಗಾದರೆ ಹಯಾಟ್ ಮಾಡಿದ್ದೇನು? ಆಮ್ಲದಲ್ಲಿ ಸಂಸ್ಕರಿಸಿದ ಹತ್ತಿಯಿಂದ ಸಿಗುವ ನೈಟ್ರೋಸೆಲ್ಯುಲೋಸ್‌ಗೆ ಕರ್ಪೂರ ಬೆರೆಸಿ, ಬಿಸಿ ಮತ್ತು ಒತ್ತಡ ಕೊಟ್ಟರು. ಹೌದು, ನಾವು ಮಂಗಳಾರತಿಗೆ ಹಚ್ಚುವ ಅದೇ ಕರ್ಪೂರ! ಹೀಗೆ ಸಿದ್ಧವಾದ ಸೆಲ್ಯುಲಾಯ್ಡ್‌ಗೆ ಸಹೋದರ ಐಸಾಯಾ ಜೊತೆ 1870ರಲ್ಲಿ ಪೇಟೆಂಟ್ ಪಡೆದರು.

1872ರಲ್ಲಿ ಇಬ್ಬರೂ ಅದನ್ನು ಅಚ್ಚಿಗೆ ತುಂಬುವ ಯಂತ್ರಕ್ಕೂ ಪೇಟೆಂಟ್ ಪಡೆದರು. ನಮ್ಮ ಚಕ್ಕುಲಿ ಒರಳನ್ನು ನೆನಪಿಸಿಕೊಳ್ಳಿ: ಕೊಳವೆಯೊಳಗಿನ ಹಿಟ್ಟನ್ನು ಮೇಲಿಂದ ಒತ್ತಿದರೆ ಅದು ತೂತಿನಿಂದ ಹೊರಬರುತ್ತದೆ. ಇಲ್ಲಿ ಕೊಳವೆಯನ್ನು ಬಿಸಿ ಮಾಡುತ್ತಾರೆ, ಮುಂದೆ ಅಚ್ಚು ಇರುತ್ತದೆ. ಇದೇ ಇಂಜೆಕ್ಷನ್ ಮೋಲ್ಡಿಂಗ್‌ನ ಮೂಲ.

ಆದರೆ ಸೆಲ್ಯುಲಾಯ್ಡ್ ಸುಲಭವಾಗಿ ಹೊತ್ತಿಕೊಳ್ಳುವ ವಸ್ತು. ಬಿಸಿ ಕಡಿಮೆಯಾದರೆ ಅದು ಹರಿಯದು, ಮಿತಿಮೀರಿದರೆ ಬೆಂಕಿಯ ಭಯ. ಅಂದರೆ ಯಂತ್ರವನ್ನು ನೋಡಿಕೊಳ್ಳುವುದು ಮೊದಲ ದಿನದಿಂದಲೇ ಪ್ರಾಣದ ಪ್ರಶ್ನೆಯಾಗಿತ್ತು.

ಹಯಾಟ್ ಅಲ್ಲಿಗೇ ನಿಲ್ಲಲಿಲ್ಲ. ಕಬ್ಬು ಅರೆಯುವ ಯಂತ್ರ ರೂಪಿಸುವಾಗ, ತಿರುಗುವ ಭಾಗಗಳ ಸವೆತ ತಗ್ಗಿಸಲು ಹೊಸ ಬಗೆಯ ರೋಲರ್ ಬೇರಿಂಗ್ ತಯಾರಿಸಿ, 1892ರಲ್ಲಿ ಅದಕ್ಕಾಗಿಯೇ ಕಂಪನಿ ಕಟ್ಟಿದರು. 1914ರಲ್ಲಿ ರಸಾಯನೋದ್ಯಮದ ಪರ್ಕಿನ್ ಪದಕ ಪಡೆದ ಅವರು 1920ರಲ್ಲಿ ತೀರಿಕೊಂಡರು. 1946ರಲ್ಲಿ ಜೇಮ್ಸ್ ವಾಟ್ಸನ್ ಹೆಂಡ್ರಿ ಈ ಯಂತ್ರಕ್ಕೆ ತಿರುಗುವ ಸ್ಕ್ರೂ ಜೋಡಿಸಿದರು.

ಇಂದು ಬಕೆಟ್, ಮುಚ್ಚಳ, ಸಿರಿಂಜ್ ತಯಾರಾಗುವುದು ಇಂಥ ಯಂತ್ರಗಳಲ್ಲೇ. ಸೆಲ್ಯುಲಾಯ್ಡ್ ಹೋಗಿದೆ, ಬಿಸಿಯ ಅಪಾಯ ಹೋಗಿಲ್ಲ. ನಿಮ್ಮವರು ಯಾರಾದರೂ ಈ ಕೆಲಸದಲ್ಲಿದ್ದರೆ ಇಷ್ಟು ತಿಳಿಸಿ:

• ತಾಪ ಅಳೆಯುವ ಥರ್ಮೋಕಪಲ್ ಸಡಿಲವಾದರೆ ಕಡಿಮೆ ತಾಪ ತೋರಿಸಬಹುದು. ಆಗ ಹೀಟರ್ ಕಾಯುತ್ತಲೇ ಇರುತ್ತದೆ.
• ಪಿವಿಸಿ ಬಿಸಿ ಕೊಳವೆಯಲ್ಲೇ ಉಳಿದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಅದು ಕಣ್ಣು, ಗಂಟಲು ಉರಿಸುತ್ತದೆ, ಉಕ್ಕನ್ನೂ ತಿನ್ನುತ್ತದೆ. ಹಾಗಾಗಿ ಯಂತ್ರ ನಿಲ್ಲಿಸುವ ಮುನ್ನ ಕೊಳವೆ ಖಾಲಿ ಮಾಡಿ ಶುಚಿಗೊಳಿಸಬೇಕು.
• ಅಚ್ಚಿನ ಮುಂದಿನ ಸುರಕ್ಷತಾ ಬಾಗಿಲಿನ ಸ್ವಿಚ್ ಅನ್ನು ಬೇಗ ಕೆಲಸವಾಗಲೆಂದು ಎಂದಿಗೂ ಕಟ್ಟಿಹಾಕಬಾರದು. ಆ ಸ್ವಿಚ್ ಒಳಗಿರುವ ಕೈಯನ್ನು ಗುರುತಿಸುವುದಿಲ್ಲ, ಬಾಗಿಲು ತೆರೆದಿದೆ ಎಂದಷ್ಟೇ ಯಂತ್ರಕ್ಕೆ ತಿಳಿಸಿ ಅಚ್ಚು ಮುಚ್ಚದಂತೆ ತಡೆಯುತ್ತದೆ.

ಆನೆಯ ಕಥೆಯನ್ನು ಫಾರ್ವರ್ಡ್ ಮಾಡುವುದಾದರೆ, ಈ ಮೂರು ಸಾಲುಗಳನ್ನೂ ಜೊತೆಗೆ ಕಳುಹಿಸಿ.