ಇತಿಹಾಸಕಾರ ಜೋಸೆಫಸ್

ಸ್ವಜನರಿಂದಲೇ ದ್ರೋಹಿಯೆನಿಸಿಕೊಂಡು, ಆ ಜನರ ಚರಿತ್ರೆಯನ್ನೇ ಬರೆದಿಟ್ಟವನು ಜೋಸೆಫಸ್. ಕ್ರಿ.ಶ. 37ರಲ್ಲಿ ಜೆರೂಸಲೇಮಿನ ಯೆಹೂದ್ಯ ಪುರೋಹಿತ ಮನೆತನದಲ್ಲಿ ಈತನ ಜನನ. ಬಾಲ್ಯದಿಂದಲೂ ಧರ್ಮಶಾಸ್ತ್ರದಲ್ಲಿ ಪರಿಶ್ರಮವಿತ್ತು. 64ರ ಸುಮಾರಿಗೆ ರೋಮಿಗೆ ತೆರಳಿ, ಅಲ್ಲಿ ಸೆರೆಯಲ್ಲಿದ್ದ ಕೆಲವು ಪುರೋಹಿತರನ್ನು ನೀರೋ ಚಕ್ರವರ್ತಿಯ ಪತ್ನಿ ಪೊಪ್ಪಾಯಾಳ ನೆರವಿನಿಂದ ಬಿಡಿಸಿದನು. ಸಾಮ್ರಾಜ್ಯದ ಬಲವನ್ನು ಕಣ್ಣಾರೆ ಕಂಡುಬಂದವನಿಗೇ 66ರ ದಂಗೆಯಲ್ಲಿ ಗಲಿಲಿ ಪ್ರಾಂತದ ದಂಡನಾಯಕತ್ವ ಒದಗಿದ್ದು ವಿಧಿಯ ವೈಚಿತ್ರ್ಯ.

67ರಲ್ಲಿ ಜೋಟಪಟ ಕೋಟೆಯು 47 ದಿನಗಳ ಮುತ್ತಿಗೆಯನ್ನು ತಾಳಿ ಬಿದ್ದಿತು. ನಲವತ್ತು ಮಂದಿಯೊಡನೆ ಗುಹೆಯಲ್ಲಿ ಅಡಗಿದ್ದ ಜೋಸೆಫಸನು ಶರಣಾಗಲು ಮನಮಾಡಿದರೂ ಸಂಗಡಿಗರು ಒಪ್ಪಲಿಲ್ಲ. ಚೀಟಿಯ ಸರದಿಯಂತೆ ಒಬ್ಬರನ್ನೊಬ್ಬರು ಕೊಂದುಕೊಂಡರು. ಕಡೆಗೆ ಉಳಿದ ಇಬ್ಬರಲ್ಲಿ ಈತನೊಬ್ಬ! ದೈವವೋ ಉಪಾಯವೋ, ಇದಕ್ಕೆ ಇವನ ಬರಹವೊಂದೇ ಸಾಕ್ಷಿ, ಸಂದೇಹಪಡುವವರನ್ನು ತಪ್ಪೆನ್ನಲಾಗದು. ಸೆರೆಸಿಕ್ಕವನು ರೋಮನ್ ಸೇನಾಪತಿ ವೆಸ್ಪಾಸಿಯನ್ನನು ಚಕ್ರವರ್ತಿಯಾಗುವನೆಂದು ಭವಿಷ್ಯ ನುಡಿದನು. 69ರಲ್ಲಿ ಅದು ಫಲಿಸಲು ಸಂಕೋಲೆ ಕಳಚಿತು.

70ರಲ್ಲಿ ವೆಸ್ಪಾಸಿಯನ್ನನ ಮಗ ಟೈಟಸ್ ಜೆರೂಸಲೇಮನ್ನು ಮುತ್ತಿದಾಗ ಜೋಸೆಫಸ್ ಶತ್ರುಪಾಳೆಯದಲ್ಲಿದ್ದನು, ಹೆತ್ತವರು ಕೋಟೆಯೊಳಗಿದ್ದರು. ಗೋಡೆಯ ಕೆಳಗೆ ನಿಂತು, ಶರಣಾಗಿ ದೇವಾಲಯವನ್ನು ಉಳಿಸಿಕೊಳ್ಳಿರೆಂದು ಮಾತೃಭಾಷೆಯಲ್ಲಿ ಮೊರೆಯಿಟ್ಟನು. ಮೇಲಿನಿಂದ ಬಂದ ಕಲ್ಲೇಟಿಗೆ ಮೂರ್ಛೆಹೋದನು. ದೇವಾಲಯ ಭಸ್ಮವಾಯಿತು. ಟೈಟಸನಿಂದ ಈತನು ಬೇಡಿ ಪಡೆದುದು ಬಂಧುಮಿತ್ರರ ಬಿಡುಗಡೆ ಮತ್ತು ಪವಿತ್ರಗ್ರಂಥಗಳು. ಮುಂದೊಂದು ದಿನ ಶಿಲುಬೆಗೇರಿಸಿದ ಸೆರೆಯಾಳುಗಳ ಸಾಲಿನಲ್ಲಿ ಪರಿಚಿತರು ಮೂವರನ್ನು ಗುರುತಿಸಿ, ಕಣ್ಣೀರಿಡುತ್ತ ಟೈಟಸನಿಗೆ ಬಿನ್ನವಿಸಿದನು. ಮೂವರನ್ನೂ ಇಳಿಸಿ ಚಿಕಿತ್ಸೆ ಮಾಡಿಸಿದರೂ ಬದುಕಿದವನು ಒಬ್ಬನೇ.

ರೋಮಿನಲ್ಲಿ ಪೌರತ್ವ, ವಸತಿ, ವರ್ಷಾಶನಗಳು ದೊರೆತವು. ಫ್ಲಾವಿಯಸ್ ಎಂಬ ರಾಜಮನೆತನದ ಹೆಸರೂ ಸೇರಿತು. ಅಲ್ಲಿ ಬರೆದ ಯೆಹೂದ್ಯ ಯುದ್ಧದ ಚರಿತ್ರೆಯಲ್ಲಿ ಪ್ರಭುಗಳ ಮುಖಸ್ತುತಿ ಇಲ್ಲದಿಲ್ಲ. ಆದರೆ ಅನ್ನದ ಋಣ ಮಾತ್ರವೇ ಆಗಿದ್ದರೆ ಲೇಖನಿ ಅಲ್ಲಿಗೇ ನಿಲ್ಲಬೇಕಿತ್ತು. 93-94ರ ವೇಳೆಗೆ ಸೃಷ್ಟಿಯಿಂದ ದಂಗೆಯವರೆಗಿನ ತನ್ನ ಜನಾಂಗದ ಪುರಾತನ ವೃತ್ತಾಂತವನ್ನು 20 ಸಂಪುಟಗಳಲ್ಲಿ ಗ್ರೀಕರ ನುಡಿಯಲ್ಲಿ ಮುಗಿಸಿದನು. ಯೆಹೂದ್ಯರನ್ನು ಹೀಗಳೆದ ಅಪಿಯನ್ ಮೊದಲಾದವರಿಗೆ ಉತ್ತರವಾಗಿ ಮತ್ತೊಂದು ಗ್ರಂಥ ರಚಿಸಿ, ತನ್ನವರ ಧರ್ಮಶಾಸ್ತ್ರವು ಗ್ರೀಕರ ಶಾಸನಗಳಿಗಿಂತ ಪ್ರಾಚೀನವೆಂದು ಸಾಧಿಸಿದನು. ಚಕ್ರವರ್ತಿಯ ಆಶ್ರಯದಲ್ಲಿದ್ದೂ ಕುಲಧರ್ಮವನ್ನು ತೊರೆಯಲಿಲ್ಲವೆಂಬುದು ಗಮನಾರ್ಹ.

ಯುದ್ಧಚರಿತ್ರೆಯನ್ನು ಆತನು ಮೊದಲು ಬರೆದುದು ಮಾತೃಭಾಷೆಯಲ್ಲಿ. ಆ ಪಾಠವು ನಷ್ಟವಾಗಿದೆ. ಗ್ರೀಕ್ ಗ್ರಂಥಗಳನ್ನು ಶತಮಾನಗಳ ಕಾಲ ಪ್ರತಿಮಾಡಿ ಕಾಪಾಡಿದವರು ಕ್ರೈಸ್ತರು.